ಸ್ವೇಲ್‌ಡೇಲ್ ತುಂಬಾ ಆಲ್ಡರ್‌ಸನ್‌ಗಳೇ

ನಮ್ಮ ಅತ್ತೆ ಇಂಗ್ಲೆಂಡಿನ ಯಾರ್ಕ್‌ಷೈರ್‌ನವರು. ಅವರ ತಾಯಿಯ ಕಡೆಯವರು ಸ್ವೇಲ್‌ಡೇಲ್ ಕಣಿವೆಯ ಆಲ್ಡರ್‌ಸನ್‌ಗಳು, ಕುರಿ ಸಾಕಿಕೊಂಡು ಸೀಸದ ಗಣಿಯಲ್ಲೂ ದುಡಿದವರು. ವಂಶದ ಬೇರು ಹುಡುಕಬೇಕು ಅಂತ ಅತ್ತೆಗೆ ಆಸೆ, ಆದರೆ ಕಂಪ್ಯೂಟರ್ ಕಂಡರೆ ಆಗದು. ಕೆಲಸ ಸೊಸೆಯ ತಲೆಗೆ ಬಂತು.

ಹಿಂದಕ್ಕೆ ಹೋಗುತ್ತಾ 1837ರ ತನಕ ಸಲೀಸು. ಆ ವರ್ಷದ ಜುಲೈನಿಂದ ಹುಟ್ಟು, ಮದುವೆ, ಸಾವು ಎಲ್ಲವನ್ನೂ ಸರ್ಕಾರವೇ ಬರೆದಿಟ್ಟಿದೆ. ಅದಕ್ಕೂ ಹಿಂದೆ ಹೋದರೆ ಚರ್ಚಿನ ಪುಸ್ತಕಗಳೇ ಗತಿ. ಇವನ್ನು ಇಡಬೇಕೆಂದು ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲೇ ಹುಕುಂ ಹೊರಡಿಸಿದ್ದ, ಆದರೆ ಎಷ್ಟೋ ಊರುಗಳಲ್ಲಿ ಅಷ್ಟು ಹಳೆಯವು ಉಳಿದಿಲ್ಲ. 1640ರ ದಶಕದ ಅಂತರ್ಯುದ್ಧದಲ್ಲಿ ಬರೆಯುವವರೇ ಇಲ್ಲದೆ ಪುಟಗಳು ಖಾಲಿ ಬಿದ್ದವು.

ಒಂದು ದಿನ ಇಬ್ಬರೂ ನಾರ್ಥಲರ್ಟನ್‌ನ ದಾಖಲೆ ಕಚೇರಿಗೆ ಹೋದೆವು. ಮೈಕ್ರೋಫಿಲ್ಮ್ ಯಂತ್ರದ ಹಿಡಿ ತಿರುಗಿಸುತ್ತಾ ಹೋದಂತೆ ಬರೀ ಜಾನ್ ಆಲ್ಡರ್‌ಸನ್, ಅವನ ಮಗ ಜಾನ್ ಆಲ್ಡರ್‌ಸನ್, ಪಕ್ಕದ ಮನೆಯಲ್ಲೂ ಇನ್ನೊಬ್ಬ ಜಾನ್ ಆಲ್ಡರ್‌ಸನ್. ಕೈಹಿಡಿದದ್ದು ಹಳ್ಳಿಯ ಹೆಸರು. ಥ್ವೇಟ್‌ನವನು, ಕೆಲ್ಡ್‌ನವನು, ಆಂಗ್ರಮ್‌ನವನು ಅಂತ ಪಾದ್ರಿ ಬರೆದಿದ್ದ ಕಡೆ ಮಾತ್ರ ಎಳೆ ಸಿಕ್ಕಿತು. ಮಲೆನಾಡಿನಲ್ಲಿ ಮನೆ ಹೆಸರು ಹೇಳದೆ ಮಂಜಣ್ಣ ಅಂದರೆ ಯಾವ ಮಂಜಣ್ಣ ಅಂತ ಕೇಳಲ್ವಾ, ಹಾಗೆ.

ಮಧ್ಯಾಹ್ನ ಅತ್ತೆ ಗಾಬರಿಯಾದರು. ಹೆಂಗಸೊಬ್ಬಳ ಶವ ಹೂತದ್ದು 1690ರ ಜನವರಿ, ಅವಳ ಮಗುವಿಗೆ ದೀಕ್ಷಾಸ್ನಾನ ಅದೇ 1690ರ ಏಪ್ರಿಲ್. ಸತ್ತ ಮೇಲೆ ಹೆತ್ತಳಾ? ಇಲ್ಲ, 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆ ಜನವರಿ ನಮ್ಮ ಲೆಕ್ಕದಲ್ಲಿ 1691. ಅಂದರೆ ಕೂಸಿಗೆ ಒಂಬತ್ತು ತಿಂಗಳಾದಾಗ ತಾಯಿ ಹೋಗಿದ್ದಾಳೆ. ಅತ್ತೆ ಅದನ್ನು ಪೆನ್ಸಿಲ್‌ನಲ್ಲಿ ಬರೆದುಕೊಂಡರು, ಪೆನ್ನು ಒಳಗೆ ಬಿಡುವುದಿಲ್ಲ.

1580ರಲ್ಲಿ ಮ್ಯೂಕರ್‌ನಲ್ಲಿ ಚರ್ಚು ಆಗುವ ತನಕ ಕಣಿವೆಯ ಮೇಲಿನವರು ಹೆಣವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಕೆಳಗಿನ ಗ್ರಿಂಟನ್ ಊರಿನ ಚರ್ಚಿನವರೆಗೆ ಹೊರುತ್ತಿದ್ದರು, ಎರಡು ದಿನ ಹಿಡಿಯುತ್ತಿತ್ತಂತೆ. ಆ ಹಾದಿ ಈಗಲೂ ಇದೆ, ಜನ ಚಾರಣಕ್ಕೆ ಬರುತ್ತಾರೆ.

ನನಗೆ ಜಾಸ್ತಿ ಹಿಡಿಸಿದ್ದು ಉಯಿಲುಗಳು. ಈ ಭಾಗದವು ಲೀಡ್ಸ್‌ನಲ್ಲಿವೆ. ಉಯಿಲಿನ ಜೊತೆ ಇಡಲು ಸತ್ತವನ ಮನೆಗೆ ನೆರೆಹೊರೆಯವರು ಬಂದು ಸಾಮಾನಿಗೆಲ್ಲ ಬೆಲೆ ಕಟ್ಟಿ ಪಟ್ಟಿ ಮಾಡುತ್ತಿದ್ದರು. ನಮಗೆ ಸಿಕ್ಕ ಪಟ್ಟಿಯ ಮೊದಲ ಸಾಲಿನಲ್ಲಿ ಹಣದ ಚೀಲ ಮತ್ತು ಉಡುವ ಬಟ್ಟೆ, ಆಮೇಲೆ ಕುರಿ, ಒಂದು ಹಸು, ಹಿತ್ತಾಳೆ ಪಾತ್ರೆ, ಕೊನೆಗೆ ಅವನು ತೀರಿಸಬೇಕಿದ್ದ ಸಾಲ. ಚರ್ಚಿನ ಪುಸ್ತಕದಲ್ಲಿ ಬರೀ ಹೆಸರಾಗಿದ್ದವನಿಗೆ ಇಲ್ಲಿ ಮನೆ, ಕೊಟ್ಟಿಗೆ, ಸಾಲಗಾರರು ಎಲ್ಲ ಬಂದರು.

ಇಂಟರ್‌ನೆಟ್‌ನಲ್ಲಿ ಇದೇ ಮನೆತನವನ್ನು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ತನಕ ಎಳೆದವರಿದ್ದಾರೆ. ಕುರಿ ಕಾಯುವವರ ಹೆಸರನ್ನು ಆಗ ಯಾರು ಬರೆದಿಡುತ್ತಿದ್ದರು? ಆಧಾರ ಕೇಳಿದರೆ ಇನ್ನೊಬ್ಬರ ವಂಶವೃಕ್ಷ ತೋರಿಸುತ್ತಾರೆ. ಕಾಗದ ಎಲ್ಲಿ ಮುಗಿಯುತ್ತೋ ಅಲ್ಲಿಗೇ ನಿಲ್ಲಿಸೋಣ ಅಂತ ಅತ್ತೆಗೆ ಹೇಳಿದ್ದೇನೆ. ಅವರಿನ್ನೂ ಒಪ್ಪಿಲ್ಲ.