ಮುಂಡಾಸಿನೊಳಗೆ ಮೈಕು: ನಮ್ಮ ಆಟಕ್ಕೆ ವಯರ್‌ಲೆಸ್, ಇಲ್ಲಿವರೆಗಿನ ಕೆಲಸ

ನಮ್ಮದು ಹೊನ್ನಾವರ ಕಡೆಯ ಹವ್ಯಾಸಿ ಯಕ್ಷಗಾನ ತಂಡ. ಮಾಸ್ತರರು, ತೋಟದವರು, ಬ್ಯಾಂಕಿನವರು ಎಲ್ಲ ಸೇರಿ ದೀಪಾವಳಿ ಕಳೆದ ಮೇಲೆ ಆಟ ಶುರು ಮಾಡುತ್ತೇವೆ. ನಾನು ಬಣ್ಣ ಹಚ್ಚುವವನಲ್ಲ, ಸೌಂಡ್ ನೋಡಿಕೊಳ್ಳುವವನು. ಮುಮ್ಮೇಳದವರಿಗೆ, ಅಂದರೆ ವೇಷ ಹಾಕಿ ಕುಣಿಯುವವರಿಗೆ, ವಯರ್‌ಲೆಸ್ ಹೆಡ್‌ಸೆಟ್ ಮೈಕ್ ಹಾಕುವ ಕೆಲಸ ಮಳೆಗಾಲದಲ್ಲೇ ಹಿಡಿದೆ. ಎಲ್ಲಿವರೆಗೆ ಬಂತು ಅಂತ ಬರೆದಿಡುತ್ತಿದ್ದೇನೆ. ನಮ್ಮಂಥ ಬೇರೆ ತಂಡದವರಿಗೂ ಉಪಯೋಗಕ್ಕೆ ಬರಲಿ.

ಇದುವರೆಗೆ ನಮ್ಮಲ್ಲಿ ರಂಗಸ್ಥಳದ ಮೇಲೆ ತೂಗುಬಿಟ್ಟ ಮೈಕುಗಳೇ ಇದ್ದವು. ಬಡಗುತಿಟ್ಟಿನ ಕುಣಿತಕ್ಕೆ ಇಡೀ ರಂಗಸ್ಥಳ ಬೇಕು. ಆದರೆ ಮಾತು ಕೇಳಬೇಕು ಅಂದರೆ ಮೈಕಿನ ಅಡಿಗೇ ಬಂದು ನಿಲ್ಲಬೇಕು. ಕೌರವ ಸಿಟ್ಟಿನಲ್ಲಿ ನಾಲ್ಕು ಹೆಜ್ಜೆ ಹಿಂದೆ ಸರಿದು ಮಾತಾಡಿದ ಅಂದರೆ ಅರ್ಧ ಮಾತು ಚಂಡೆಯಲ್ಲಿ ಮುಳುಗಿ ಹೋಗುತ್ತದೆ. ನಮ್ಮ ಕಡೆ ಜನ ಮಾತು ಕೇಳಲಿಕ್ಕೇ ಬರುತ್ತಾರೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ ನಮ್ಮ ತಾಲೂಕಿನದ್ದೇ. ಅಂಥ ಮೇಳ ನೋಡಿ ಬೆಳೆದವರ ಎದುರು ಮಾತು ನುಂಗಿ ಹೋದರೆ ಬೇಜಾರಾಗುತ್ತದೆ. ವೇಷಧಾರಿ ಎಲ್ಲಿ ನಿಂತರೂ ಮಾತು ಕೇಳಬೇಕು, ಮೈಕ್ ಹುಡುಕಿಕೊಂಡು ಅವನು ಬರಬಾರದು. ನನಗೆ ಬೇಕಾಗಿದ್ದು ಅಷ್ಟೇ.

ಭಾಗವತರನ್ನೂ ಕೇಳಿದೆ. ಅವರು ಒಂದೇ ಮಾತಿನಲ್ಲಿ ಮುಗಿಸಿದರು: "ತಮಾ, ಯಂಗೆ ವಯರೇ ಇರ್ಲಿ. ಆನು ಕೂತಲ್ಲಿಂದ ಏಳ್ತ್ನಿಲ್ಲೆ." ನನ್ನ ಅಭಿಪ್ರಾಯವೂ ಅದೇ. ಕೂತು ಹಾಡುವವರಿಗೆ ಒಳ್ಳೆಯ ವಯರ್ ಮೈಕಿಗಿಂತ ಬೇರೆ ಬೇಡ. ಬ್ಯಾಟರಿ ಚಿಂತೆ ಇಲ್ಲ, ಸಿಗ್ನಲ್ ಚಿಂತೆ ಇಲ್ಲ. ಮದ್ದಳೆಗೂ ಹಾಗೇ.

ಮೊದಲು: ಯಾವ ಬ್ಯಾಂಡ್ (ಯಾವ ಫ್ರೀಕ್ವೆನ್ಸಿಯ ಜಾಗ)

ಕಾರವಾರದ ಗೆಳೆಯನೊಬ್ಬ ಗಿಟಾರ್ ಬಾರಿಸುತ್ತಾನೆ. ಅವನ ಹತ್ತಿರ 2.4 ಗಿಗಾಹರ್ಟ್ಸ್‌ನ ಸಣ್ಣ ವಯರ್‌ಲೆಸ್ ಇದೆ. ಒಂದು ತುಂಡು ಗಿಟಾರಿಗೆ, ಇನ್ನೊಂದು ಆಂಪ್ಲಿಫೈಯರಿಗೆ ಚುಚ್ಚಿದರೆ ಆಯಿತು. ಅವನ ಪ್ರಾಕ್ಟೀಸ್ ರೂಮಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಉದ್ದ ಕೇಬಲ್ ಗಿಟಾರಿನ ಮೇಲಿನ ಸ್ವರದ ಹೊಳಪನ್ನು ಸ್ವಲ್ಪ ತಿನ್ನುತ್ತದೆ, ವಯರ್‌ಲೆಸ್‌ನಲ್ಲಿ ಆ ಹೊಳಪು ಉಳಿಯುತ್ತದೆ. ಅದನ್ನೇ ತಂದು ಬಯಲಿನಲ್ಲಿ ನೋಡಿದೆವು. ಖಾಲಿ ಬಯಲಿನಲ್ಲಿ ತೊಂದರೆ ಇಲ್ಲ. ಸುತ್ತ ಜನ ನಿಂತು, ನಾಲ್ಕಾರು ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿದ ಕೂಡಲೇ ಧ್ವನಿ ತುಂಡು ತುಂಡಾಯಿತು. ವೈಫೈ, ಬ್ಲೂಟೂತ್ ಎಲ್ಲ ಅದೇ ಬ್ಯಾಂಡಿನಲ್ಲಿ ಓಡುತ್ತವೆ. ಮೇಲಾಗಿ ಆ ಅಲೆಯನ್ನು ನೀರು ತುಂಬಾ ಹೀರುತ್ತದೆ, ಮನುಷ್ಯನ ಮೈ ಅಂದರೆ ಬಹುಪಾಲು ನೀರೇ ಅಲ್ವಾ. ಲೈಸೆನ್ಸ್ ಬೇಡ, ಅಗ್ಗ, ಸಣ್ಣದು, ಎಲ್ಲ ಸರಿ. ಜಾತ್ರೆಯ ಜನಜಂಗುಳಿಗೆ ಅದು ಆಗುವುದಿಲ್ಲ.

ಹಾಗಾಗಿ ಯುಎಚ್‌ಎಫ್ ಕಡೆ, ಅಂದರೆ ಕೆಲವು ನೂರು ಮೆಗಾಹರ್ಟ್ಸ್‌ನ ಬ್ಯಾಂಡಿನ ಕಡೆ ಬಂದೆ. ಅದರಲ್ಲೂ ನೋಡಿ ತೆಗೆದುಕೊಳ್ಳಬೇಕು. ಸುಮ್ನೆ ಯುಎಚ್‌ಎಫ್ ಅಂತ ಬರೆದಿದ್ದರೆ ಸಾಲದು, ಎಷ್ಟರಿಂದ ಎಷ್ಟು ಅಂತ ಡಬ್ಬದ ಮೇಲೆ ಇರಬೇಕು. 700 ಮೆಗಾಹರ್ಟ್ಸ್ ದಾಟಿದರೆ ಮೊಬೈಲಿನವರ ಜಾಗ. 758ರಿಂದ 803ರ ನಡುವೆ ಟವರ್‌ನಿಂದ ಫೋನಿಗೆ ಬರುವ ಸಿಗ್ನಲ್, 703ರಿಂದ 748ರ ನಡುವೆ ಫೋನಿನಿಂದ ಟವರಿಗೆ ಹೋಗುವ ಸಿಗ್ನಲ್. ಮುಂದೆ 800, 900ರಲ್ಲೂ ಅವರೇ. ಹಳೆಯ ಅಗ್ಗದ ಸೆಟ್ಟುಗಳು ಎಷ್ಟೋ ಈ ಜಾಗದಲ್ಲೇ ಇವೆ. ಕೊಂಡ ಹೊಸತರಲ್ಲಿ ಚೆನ್ನಾಗಿದ್ದು, ಊರಿಗೆ 5ಜಿ ಬಂದ ಮೇಲೆ ಗೊರಗೊರ ಅನ್ನುವವು ಇಂಥವೇ.

ಲ್ಯಾಪ್‌ಟಾಪಿಗೆ ಚುಚ್ಚುವ ಎಸ್‌ಡಿಆರ್ ಡಾಂಗಲ್ ಒಂದು ತರಿಸಿದೆ. ಗಾಳಿಯಲ್ಲಿ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ಪರದೆಯ ಮೇಲೆ ಗುಡ್ಡ ಗುಡ್ಡವಾಗಿ ತೋರಿಸುತ್ತದೆ. ಆಟ ಆಡುವ ಜಾಗದಲ್ಲೇ ಕೂತು ನೋಡಿದೆ. ಮೊಬೈಲ್ ಬ್ಯಾಂಡುಗಳು ಗೋಡೆಯಂತೆ ಎದ್ದು ನಿಂತಿದ್ದವು. 510ರಿಂದ 560ರವರೆಗೆ ಪೂರಾ ಖಾಲಿ. ದೂರದರ್ಶನದ ಹಳೆಯ ಅನಲಾಗ್ ಪ್ರಸಾರ ನಿಂತ ಮೇಲೆ ಈ ಕಡೆ ಅಷ್ಟು ಜಾಗ ತೆರವಾಗಿದೆ. ಆ ವ್ಯಾಪ್ತಿಯಲ್ಲಿ ಕೆಲಸ ಮಾಡುವ, ಎರಡು ಆಂಟೆನಾದ ರಿಸೀವರ್ ಇರುವ ಸೆಟ್ಟುಗಳನ್ನೇ ಹುಬ್ಬಳ್ಳಿಯಿಂದ ತಂದೆವು. ಎರಡು ಆಂಟೆನಾ ಯಾಕೆ ಅಂದರೆ, ಅಲೆ ನೇರವಾಗಿಯೂ ಬರುತ್ತದೆ, ತಗಡು, ಕಂಬಗಳಿಗೆ ಬಡಿದೂ ಬರುತ್ತದೆ. ಕೆಲವು ಬಿಂದುವಿನಲ್ಲಿ ಎರಡೂ ಸೇರಿ ಒಂದನ್ನೊಂದು ಅಳಿಸಿ ಹಾಕುತ್ತವೆ. ಒಂದು ಆಂಟೆನಾಗೆ ಸಿಗದ್ದು ಇನ್ನೊಂದಕ್ಕೆ ಸಿಗುತ್ತದೆ, ರಿಸೀವರ್ ಚೆನ್ನಾಗಿದ್ದುದನ್ನು ಆರಿಸಿಕೊಳ್ಳುತ್ತದೆ.

ಒಂದು ಮಾತು: ಜಾಗ ನೋಡುವಾಗ ಜನರೇಟರ್, ಎಲ್‌ಇಡಿ ಲೈಟು, ಪರದೆ ಎಲ್ಲ ಹಚ್ಚಿಯೇ ನೋಡಬೇಕು. ಎಲ್‌ಇಡಿ ಪರದೆಯ ಹತ್ತಿರ ತಳದ ಗದ್ದಲವೇ ಮೇಲೆ ಏಳುತ್ತದೆ.

ನಾಲ್ಕು ಮೈಕ್, ನಾಲ್ಕು ಫ್ರೀಕ್ವೆನ್ಸಿ

ಒಂದು ಮೈಕ್ ಓಡಿಸುವುದು ಸುಲಭ. ನಾಲ್ಕು ಒಟ್ಟಿಗೆ ಹಚ್ಚಿದಾಗ ಲೆಕ್ಕ ಬೇರೆ. ಎರಡು ಟ್ರಾನ್ಸ್‌ಮಿಟರ್ (ವೇಷಧಾರಿಯ ಮೈಮೇಲಿರುವ, ಸಿಗ್ನಲ್ ಕಳಿಸುವ ಡಬ್ಬಿ) ಹತ್ತಿರ ಬಂದರೆ ಅವೆರಡೂ ಬೆರೆತು ಮೂರನೆಯ ಫ್ರೀಕ್ವೆನ್ಸಿ ಹುಟ್ಟುತ್ತದೆ. ಒಂದರ ಎರಡು ಪಟ್ಟಿನಲ್ಲಿ ಇನ್ನೊಂದನ್ನು ಕಳೆದರೆ ಅದು ಸಿಗುತ್ತದೆ. 520, 520.5, 521 ಅಂತ ಸಮ ಅಂತರದಲ್ಲಿ ಇಟ್ಟೆವು ಅನ್ನಿ. 520.5ರ ಎರಡು ಪಟ್ಟು 1041, ಅದರಲ್ಲಿ 520 ಕಳೆದರೆ 521. ಅಂದರೆ ಮೊದಲ ಎರಡು ಮೈಕ್ ಸೇರಿ ಮೂರನೆಯದರ ತಲೆ ಮೇಲೇ ಕೂರುತ್ತವೆ. ಭೀಮ, ಕೌರವ ಎದುರುಬದುರು ನಿಂತಾಗ ಪಾಪ ಕೃಷ್ಣನ ಮೈಕ್ ಕಿರುಗುಟ್ಟುತ್ತದೆ.

ಇದಕ್ಕೆ ಉಪಾಯ, ಯಾವ ಎರಡರ ನಡುವಿನ ಅಂತರವೂ ಮತ್ತೊಂದು ಜೋಡಿಯ ಅಂತರಕ್ಕೆ ಸಮ ಆಗಬಾರದು. ಗಣಿತದಲ್ಲಿ ಇದಕ್ಕೆ ಗೊಲೊಂಬ್ ರೂಲರ್ ಅನ್ನುತ್ತಾರೆ. ನಾಲ್ಕು ಮೈಕಿಗೆ ಅದರ ಗುರುತುಗಳು 0, 1, 4, 6ನೇ ಮನೆಯಲ್ಲಿ. ನಾನು ಒಂದು ಮನೆಗೆ 0.4 ಮೆಗಾಹರ್ಟ್ಸ್ ಇಟ್ಟು 518.0, 518.4, 519.6, 520.4 ಅಂತ ಹಾಕಿದೆ. ನಾಲ್ಕೂ ಒಟ್ಟಿಗೆ ಉರಿಯುತ್ತಿರುವಾಗ ಒಂದೊಂದನ್ನೇ ಆಫ್ ಮಾಡಿ, ಅದರ ರಿಸೀವರಿನಲ್ಲಿ ಬೇರೆ ಏನಾದರೂ ನುಸುಳುತ್ತದಾ ನೋಡಿದೆ. ಸಿಗ್ನಲ್ ಕಡ್ಡಿ ಒಂದೂ ಮೇಲೇಳಲಿಲ್ಲ. ಈ ಲೆಕ್ಕ ಕೂತದ್ದು ನೋಡಿ ಆದ ಖುಷಿ ಇನ್ನೂ ಇದೆ.

ವೇಷದೊಳಗೆ ಎಲ್ಲಿ

ಇದೇ ಎಲ್ಲಕ್ಕಿಂತ ಜಾಸ್ತಿ ಸಮಯ ತಿಂದದ್ದು. ನಾಟಕದವರು ಟ್ರಾನ್ಸ್‌ಮಿಟರ್ ಸೊಂಟಕ್ಕೆ ಸಿಕ್ಕಿಸುತ್ತಾರೆ. ಯಕ್ಷಗಾನದಲ್ಲಿ ಸೊಂಟದಲ್ಲಿ ಜಾಗ ಎಲ್ಲಿದೆ? ಬಟ್ಟೆ ಸುತ್ತು, ಕಸೆ ಸೀರೆ, ಮೇಲೆ ಡಾಬು. ಅಷ್ಟು ಬಿಗಿಯಲ್ಲಿ ಆಂಟೆನಾ ಮಡಚಿ ಬೆವರಿನ ಮೈಗೆ ಅಂಟುತ್ತದೆ. ಮೈಗೆ ಅಂಟಿದ ಆಂಟೆನಾ ಅರ್ಧ ಸತ್ತ ಹಾಗೆ. ಮಂಡಿ ಹಾಕುವಾಗ ಚುಚ್ಚುತ್ತದೆ ಅಂತ ವೇಷಧಾರಿಗಳೂ ಹೇಳಿದರು.

ಕೊನೆಗೆ ಬೆನ್ನಿನ ಮೇಲೆ, ಎರಡು ಹೆಗಲ ಮೂಳೆಯ ನಡುವೆ ಸರಿ ಹೋಯಿತು. ನಮ್ಮ ವೇಷಭೂಷಣ ನೋಡಿಕೊಳ್ಳುವ ಅಕ್ಕ ದಪ್ಪ ಎಲಾಸ್ಟಿಕ್ ಪಟ್ಟಿಗೆ ಒಂದು ಕಿಸೆ ಹೊಲಿದುಕೊಟ್ಟರು. ಅದು ದಗಲೆಯ (ವೇಷದ ಅಂಗಿಯ) ಒಳಗೆ ಹೋಗುತ್ತದೆ. ಟ್ರಾನ್ಸ್‌ಮಿಟರನ್ನು ಜಿಪ್ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಿಸೆಯಲ್ಲಿ ಇಡುತ್ತೇವೆ. ಆಂಟೆನಾಗೆ ತೆಳ್ಳನೆ ಪ್ಲಾಸ್ಟಿಕ್ ಕೊಳವೆ ಹಾಕಿ, ಒದ್ದೆ ಬಟ್ಟೆಗೆ ತಾಗದ ಹಾಗೆ ಕೆಳಮುಖ ಬಿಡುತ್ತೇವೆ. 520 ಮೆಗಾಹರ್ಟ್ಸ್‌ಗೆ ಆ ಆಂಟೆನಾ ಸುಮಾರು 14 ಸೆಂಟಿಮೀಟರ್, ಅಷ್ಟು ಉದ್ದ ನೇರವಾಗಿ ಇರಲೇಬೇಕು. ಎದೆಕಟ್ಟು, ಭುಜಕೀರ್ತಿಯ ಬೇಗಡೆ ಹಾಳೆ ಅಲೆಗೆ ಅಡ್ಡ ಬರುತ್ತದೆ. ಬೆನ್ನಿನ ಮಧ್ಯದಲ್ಲಿ ಆ ಕಾಟ ಕಡಿಮೆ.

ಇನ್ನು ಹೆಡ್‌ಸೆಟ್. ಮೊದಲು ಮುಖವರ್ಣಿಕೆ ಮುಗಿಸಿ ಆಮೇಲೆ ಕೆನ್ನೆಗೆ ಟೇಪ್ ಹಾಕಿದರೆ ಬಣ್ಣದ ಎಣ್ಣೆಗೆ ಅದು ಹಿಡಿಯುವುದಿಲ್ಲ. ಈಗ ನಮ್ಮ ಕ್ರಮ ಹೀಗೆ: ಮುಖ ತೊಳೆದು ಒರೆಸಿದ ಕೂಡಲೇ ಹೆಡ್‌ಸೆಟ್ ಹಾಕಿ, ಕಿವಿಯ ಮುಂದೆ ಮತ್ತು ಕುತ್ತಿಗೆ ಹಿಂದೆ ಮೈಕ್ರೋಪೋರ್ ಟೇಪ್. ಅದರ ಮೇಲೆ ಬಣ್ಣ. ಆಮೇಲೆ ಮುಂಡಾಸು ಅಥವಾ ಕಿರೀಟ. ಮೈಕಿನ ತುದಿ ಬಾಯಿಯ ಮೂಲೆಯಿಂದ ಎರಡು ಬೆರಳು ದೂರ, ಮೀಸೆಗೆ ತಾಗಬಾರದು. ತುದಿಯ ಹಿಂದೆ ಟೇಪಿನದ್ದೇ ಸಣ್ಣ ಉಂಗುರ ಸುತ್ತಿದ್ದೇನೆ. ಹಣೆಯಿಂದ ಇಳಿದ ಬೆವರು ತಂತಿ ಹಿಡಿದು ಬಂದು ಆ ಉಂಗುರದ ಹತ್ತಿರ ತೊಟ್ಟಿಕ್ಕಿ ಕೆಳಗೆ ಬೀಳುತ್ತದೆ, ಮೈಕಿನ ಒಳಗೆ ಹೋಗುವುದಿಲ್ಲ. ಇಷ್ಟು ಸಣ್ಣ ಉಂಗುರ ಎಷ್ಟು ಕೆಲಸ ಮಾಡುತ್ತದೆ ಅಂತ ನೋಡಿದವರಿಗೇ ಗೊತ್ತು.

ಟ್ರಾನ್ಸ್‌ಮಿಟರ್ ಬೆನ್ನಿಗೆ ಬಂದ ಮೇಲೆ ರಿಸೀವರಿನ ಜಾಗವೂ ಬದಲಾಯಿತು. ವೇಷಧಾರಿ ಜನರ ಕಡೆ ಮುಖ ಮಾಡಿದಾಗ ಅವನ ಮೈಯೇ ಅಡ್ಡ. ರಿಸೀವರ್ ಜನರ ಹಿಂದೆ ಮಿಕ್ಸರ್ ಹತ್ತಿರ ಇದ್ದರೆ ಸಿಗ್ನಲ್ ಅವನ ಮೈ ದಾಟಿ, ಎದ್ದು ನಿಂತ ಜನರನ್ನೂ ದಾಟಿ ಬರಬೇಕು. ಟ್ರಯಲ್‌ನಲ್ಲಿ ಇದು ಚೆನ್ನಾಗಿ ಕಂಡಿತು. ಈಗ ರಿಸೀವರ್‌ಗಳು ಹಿಮ್ಮೇಳದ (ಹಾಡು, ಚಂಡೆ, ಮದ್ದಳೆಯವರ) ಪಕ್ಕ, ರಂಗಸ್ಥಳದ ಹಿಂದಿನ ಮೂಲೆಯಲ್ಲಿ, ಆಂಟೆನಾ ತಲೆ ಎತ್ತರಕ್ಕಿಂತ ಮೇಲೆ. ಅಲ್ಲಿಂದ ಮಿಕ್ಸರಿಗೆ ವಯರ್. ಧ್ವನಿಯನ್ನು ಕೇಬಲಿನಲ್ಲಿ ದೂರ ಒಯ್ಯುವುದು ಸುಲಭ, ಅಲೆಯನ್ನು ದೂರ ಒಯ್ಯುವುದು ಕಷ್ಟ.

ಗೇನ್

ಟ್ರಾನ್ಸ್‌ಮಿಟರಿನಲ್ಲೇ ಒಂದು ಗೇನ್ ಇದೆ, ಮೈಕಿನ ಧ್ವನಿಯನ್ನು ಎಷ್ಟು ಏರಿಸಬೇಕು ಅನ್ನುವುದು, ಅದನ್ನು ತುಂಬಾ ಜನ ಮುಟ್ಟುವುದೇ ಇಲ್ಲ. ಅಲ್ಲಿ ಧ್ವನಿ ಒಡೆದರೆ ಮುಂದೆ ಯಾರಿಂದಲೂ ಸರಿ ಮಾಡಲಾಗುವುದಿಲ್ಲ. ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗದಲ್ಲಿ) "ಹಲೋ, ಮೈಕ್ ಟೆಸ್ಟಿಂಗ್" ಅನ್ನಿಸಿ ಪ್ರಯೋಜನ ಇಲ್ಲ. ಕೌರವನ ಆರ್ಭಟೆಯನ್ನು ಪೂರ್ತಿ ದಮ್ಮಿನಲ್ಲಿ ಮಾಡಿಸಿ, ಕೆಂಪು ದೀಪ ಮಿನುಗದ ಹಾಗೆ ಇಟ್ಟೆ. ಮಿಕ್ಸರಿನಲ್ಲಿ 120 ಹರ್ಟ್ಸ್‌ಗಿಂತ ಕೆಳಗಿನದು ಕಟ್, ಹೆಜ್ಜೆಯ ಧಡಧಡ ಅಷ್ಟಕ್ಕೇ ಇಳಿಯುತ್ತದೆ. ಜೋರು, ಮೆಲು ಮಾತಿನ ಅಂತರ ಕಡಿಮೆ ಮಾಡುವ ಕಂಪ್ರೆಸರ್ 3:1ರಲ್ಲಿ ಸ್ವಲ್ಪ. ಕರುಣ ರಸದ ಮೆಲು ಮಾತು ಮೇಲೆ ಬರಲಿಕ್ಕೆ ಇಷ್ಟು ಸಾಕು.

ತೆರೆದ ಮೈಕ್ ಎರಡು ಪಟ್ಟಾದಾಗೆಲ್ಲ ಸ್ಪೀಕರಿನ ಧ್ವನಿ ಮೈಕಿಗೆ ಮರಳಿ ಕೂಗು ಹೊಡೆಯುವ ಮೊದಲು ಧ್ವನಿ ಏರಿಸಲು ಸಿಗುವ ಅವಕಾಶ 3 ಡೆಸಿಬೆಲ್ ಕಡಿಮೆ ಆಗುತ್ತದೆ. ನಾಲ್ಕೂ ತೆರೆದಿಟ್ಟರೆ 6 ಹೋಯಿತು. ಅದಕ್ಕೇ ಪ್ರಸಂಗ ಗೊತ್ತಿರುವವನೇ ಮಿಕ್ಸರ್ ಹಿಡಿಯಬೇಕು. ಪದ್ಯ ಮುಗಿದು ಅರ್ಥ (ವೇಷಧಾರಿಯ ಮಾತು) ಶುರುವಾಗುವ ಹೊತ್ತಿಗೆ ಆ ವೇಷದ ಮೈಕ್ ಮಾತ್ರ ಮೇಲೆ. ಕುಣಿತದಲ್ಲಿ ಎಲ್ಲ ಕೆಳಗೆ, ಇಲ್ಲದಿದ್ದರೆ ಏದುಸಿರೂ ಗೆಜ್ಜೆಯೂ ಚಂಡೆಯೂ ಎಲ್ಲ ಸೇರಿ ಬರುತ್ತವೆ. ಇಬ್ಬರು ಮುಖಕ್ಕೆ ಮುಖ ಕೊಟ್ಟು ನಿಂತಾಗ ಒಬ್ಬನ ಮಾತು ಇಬ್ಬರ ಮೈಕಿಗೂ ಹೋಗಿ ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತದೆ. ಅಲ್ಲಿ ಮಾತಾಡುವವನದ್ದು ಬಿಟ್ಟು ಇನ್ನೊಂದು ಇಳಿಸಬೇಕು. ತೂಗು ಮೈಕುಗಳನ್ನು ಪೂರಾ ಬಂದ್ ಮಾಡಿದ್ದೇನೆ, ಆದರೆ ಬಿಚ್ಚಿಲ್ಲ. ಹೆಡ್‌ಸೆಟ್ ಕೈಕೊಟ್ಟರೆ ಅವೇ ಆಧಾರ.

ಮೊದಲ ಆಟ

ಕುಮಟಾ ಹತ್ತಿರದ ದೇವಸ್ಥಾನದ ಎದುರು ಕಾಲಮಿತಿ ಆಟ. ಹೊಸ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿದ್ದೆವು. ಒಂದೊಂದು 1.2 ವೋಲ್ಟಿನದ್ದಾದ್ದರಿಂದ ಬ್ಯಾಟರಿ ಕಡ್ಡಿ ಮೊದಲೇ ಸ್ವಲ್ಪ ಕಡಿಮೆ ತೋರಿಸುತ್ತದೆ, ಗಾಬರಿ ಆಗಬೇಕಾಗಿಲ್ಲ. ಆಟ ಮುಗಿದಾಗಲೂ ಚಾರ್ಜ್ ಉಳಿದಿತ್ತು. ಭೀಮ ಗಿರಕಿ ಹೊಡೆದು ರಂಗಸ್ಥಳದ ತೀರಾ ಹಿಂದೆ, ಚಂಡೆಯ ಪಕ್ಕ ನಿಂತು ಒಂದು ಮಾತು ಹೇಳಿದ. ಹಿಂದಿನ ಸಾಲಿನ ಅಜ್ಜಂದಿರು ತಲೆ ಆಡಿಸಿದ್ದು ಮಿಕ್ಸರ್ ಹತ್ತಿರದಿಂದಲೇ ಕಂಡಿತು. ಆಟದ ನಂತರ ಭಾಗವತರು "ಅಡ್ಡಿಲ್ಲೆ" ಅಂದರು. ಅವರ ಬಾಯಿಂದ ಅಷ್ಟು ಬಂದರೆ ತುಂಬಾ ಆಯಿತು.

ಒಂದು ತೊಂದರೆ ಕಂಡಿತು. ಸ್ತ್ರೀವೇಷದ ಮೈಕಿನಲ್ಲಿ ಆಗಾಗ ಚಿಟಚಿಟ. ಕಿವಿಯ ಆಭರಣ ಹೆಡ್‌ಸೆಟ್ ತಂತಿಗೆ ತಾಗುತ್ತಿತ್ತು. ಆ ವೇಷಕ್ಕೆ ಕೆನ್ನೆಯ ಬದಲು ಬೈತಲೆ ಹತ್ತಿರ, ಹಣೆಯ ಮೇಲೆ ಸಣ್ಣ ಲೇಪಲ್ ಮೈಕ್ ಇಟ್ಟು ನೋಡಬೇಕು ಅಂತಿದ್ದೇನೆ. ದೊಡ್ಡ ನಾಟಕಗಳಲ್ಲಿ ಹಾಗೆ ಇಡುತ್ತಾರೆ. ಬಾಯಿಂದ ದೂರ ಹೋಗುವುದರಿಂದ ಚಂಡೆ ಜಾಸ್ತಿ ನುಗ್ಗಬಹುದು, ನೋಡೋಣ.

ನಮ್ಮ ಕರಾವಳಿಯ ಉಪ್ಪು ಗಾಳಿಗೆ ಕನೆಕ್ಟರ್ ಪಿನ್ನುಗಳು ಬೇಗ ಕಪ್ಪಾಗುತ್ತವೆ. ಪ್ರತಿ ಆಟದ ಮರುದಿನ ಹೆಡ್‌ಸೆಟ್ ಒರೆಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಮುಚ್ಚಿಡುತ್ತಿದ್ದೇನೆ. ಮುಂದಿನ ಆಟ ಘಟ್ಟದ ಮೇಲೆ, ಶಿರಸಿ ಕಡೆ. ಅಲ್ಲಿನ ಗಾಳಿಯಲ್ಲಿ 518ರ ಸುತ್ತ ಏನಿದೆ ಅಂತ ಡಾಂಗಲ್ ಹಿಡಿದು ಮಧ್ಯಾಹ್ನವೇ ಹೋಗಿ ನೋಡಬೇಕು. ಬೇರೆ ನಾಲ್ಕು ಫ್ರೀಕ್ವೆನ್ಸಿಯ ಇನ್ನೊಂದು ಗುಂಪನ್ನೂ ಲೆಕ್ಕ ಹಾಕಿ ಇಟ್ಟುಕೊಂಡಿದ್ದೇನೆ: 541.0, 541.4, 542.6, 543.4.