ಕಸದ ಡಬ್ಬದಿಂದ ವಾಪಸು ಬಂದ ಬೋಕಿಗಳು

ಹೋದ ವಾರ ಅಜ್ಜಿಯ ಮೊಸರಿನ ಕುಡಿಕೆ ಕೈಜಾರಿ ಒಡೆಯಿತು. ಮೂರು ಸಲ ಮನೆ ಬದಲಿಸಿದಾಗಲೂ ಹಳೆಯ ಸೀರೆಯಲ್ಲಿ ಸುತ್ತಿ ಕಾಪಾಡಿದ್ದ ಕುಡಿಕೆ. ಒಡೆದ ಮಡಕೆ ಮನೆಯಲ್ಲಿ ಇಡಬಾರದು ಎಂದು ಕೇಳಿಕೊಂಡೇ ಬೆಳೆದವಳು ನಾನು. ಅಳುತ್ತಲೇ ಗುಡಿಸಿ, ಹೊರಗಿನ ಕಸದ ಡಬ್ಬಕ್ಕೆ ಸುರಿದೆ. ಬೇಲಿಯಾಚೆ ಪಕ್ಕದ ಮನೆಯ ಹಿರಿಯರು ನಿಂತಿದ್ದರು. ನಾನೀಗಿರುವ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಮೂಲನಿವಾಸಿಗಳ ಹಳೆಯ ಊರುಗಳಿಗೆ ಪ್ಯೂಬ್ಲೋ ಎನ್ನುತ್ತಾರೆ; ಅವರು ಆಕೋಮಾ ಪ್ಯೂಬ್ಲೋದವರು.

"ಯಾರು ಮಾಡಿದ್ದು ಅದು?"

"ನಮ್ಮೂರ ಕುಂಬಾರರು. ಅಜ್ಜಿ ಬಳಸುತ್ತಿದ್ದದ್ದು."

"ಹಾಗಾದರೆ ಅಜ್ಜಿಯನ್ನು ಯಾಕಮ್ಮ ಕಸಕ್ಕೆ ಹಾಕುತ್ತೀ?"

ನನಗೆ ಉತ್ತರ ಹೊಳೆಯಲಿಲ್ಲ.

ಆಕೋಮಾದವರು ಒಡೆದ ಮಡಕೆ ಎಸೆಯುವುದಿಲ್ಲ. ಹಳೆಯ ಬೋಕಿಗಳನ್ನು ಕುಟ್ಟಿ ಪುಡಿಮಾಡಿ ಹೊಸ ಜೇಡಿಮಣ್ಣಿಗೆ ಬೆರೆಸುತ್ತಾರೆ. ಒಣಗುವಾಗ, ಸುಡುವಾಗ ಮಣ್ಣು ಬಿರಿಯದಂತೆ ಆ ಪುಡಿ ಹಿಡಿದಿಡುತ್ತದೆ. ಹೀಗಾಗಿ ಅಲ್ಲಿನ ಹೊಸ ಮಡಕೆಯೊಳಗೆ ಅಜ್ಜಿಯ ಮಡಕೆ ಇರುತ್ತದೆ, ಅದರೊಳಗೆ ಅವರಜ್ಜಿಯದು. ತಿಗರಿ ಇಲ್ಲ, ಮಣ್ಣನ್ನು ಹಗ್ಗದಂತೆ ಹೊಸೆದು, ಸುತ್ತಿನ ಮೇಲೆ ಸುತ್ತು ಕೂರಿಸಿ ಏರಿಸುತ್ತಾರೆ. ಬಿಳಿ ಮಣ್ಣು ಬಳಿದು, ಯುಕ್ಕಾ ಎಂಬ ಒಣನೆಲದ ಗಿಡದ ಎಲೆಯ ತುದಿಯನ್ನು ಜಗಿದು ನಾರು ಮಾಡಿಕೊಂಡ ಕುಂಚದಿಂದ ಬರೆಯುತ್ತಾರೆ. ಒತ್ತೊತ್ತಾಗಿ ಎಳೆದ ಕೂದಲಿನಷ್ಟು ಸಣ್ಣ ಕಪ್ಪು ಗೆರೆಗಳೆಂದರೆ ಮಳೆ. ಮಳೆ ಅಪರೂಪವಾದ ಈ ಸೀಮೆಯಲ್ಲಿ ನೀರಿನ ಕೊಡದ ಮೇಲೆಲ್ಲ ಮಳೆ ಬರೆದವರ ಆಸೆ ಎಂಥದ್ದಿರಬೇಕು!

ಸಾಂಟಾ ಫೇಯ ಮ್ಯೂಸಿಯಮ್ಮಿನಲ್ಲಿ ಅಂಥ ಹಳೆಯ ಕೊಡಗಳನ್ನು ನೋಡಿದ್ದೇನೆ. ತಲೆಯ ಮೇಲೆ ಕೂರಲೆಂದು ತಳ ಒಳಕ್ಕೆ ತಗ್ಗಿರುತ್ತದೆ. ನಮ್ಮಲ್ಲಿ ಸಿಂಬಿ ಮಾಡುವ ಕೆಲಸವನ್ನು ಅಲ್ಲಿ ಕೊಡದ ತಳವೇ ಮಾಡುತ್ತದೆ. ಸುಮಾರು 365 ಅಡಿ ಎತ್ತರದ ಬಂಡೆಗುಡ್ಡದ ಊರು ಆಕೋಮಾ. ಅಲ್ಲಿ ಬಂಡೆಯ ದೊಣೆಗಳಲ್ಲಿ ನಿಂತ ಮಳೆನೀರನ್ನು ಹೆಂಗಸರು ಈ ಕೊಡಗಳಲ್ಲಿ ಹೊತ್ತು ತರುತ್ತಿದ್ದರು. 1880ರಲ್ಲಿ ಇಲ್ಲಿನ ಆಲ್ಬುಕರ್ಕಿ ಪಟ್ಟಣಕ್ಕೆ ರೈಲು ಬಂದಮೇಲೆ ತಗಡಿನ ಬಕೆಟ್ಟೂ ಬಂತು, ಪ್ರವಾಸಿಗರೂ ಬಂದರು. ಮಾರಾಟದ ಮಡಕೆಗಳು ಚಿಕ್ಕವಾದವು. ಆದರೂ ಕೈ ನಿಲ್ಲಲಿಲ್ಲ. ಸ್ಯಾನ್ ಇಲ್ಡೆಫಾನ್ಸೋ ಎಂಬ ಇನ್ನೊಂದು ಪ್ಯೂಬ್ಲೋದಲ್ಲಿ ಮಡಕೆ ಮಾಡುತ್ತಿದ್ದ ಮರಿಯಾ ಮಾರ್ಟಿನೆಜ್ 1920ರ ದಶಕದಲ್ಲಿ ತನ್ನ ಕಪ್ಪು ಮಡಕೆಗಳ ತಳದಲ್ಲಿ ಹೆಸರು ಬರೆಯತೊಡಗಿದರು. ಅದಕ್ಕೂ ಮುಂಚಿನ ಸಾವಿರಾರು ಕೊಡಗಳಿಗೆ ಊರಿನ ಹೆಸರಿದೆ, ಮಾಡಿದವಳ ಹೆಸರಿಲ್ಲ.

ನನ್ನ ಕುಡಿಕೆಗೆ ಅದೂ ಇಲ್ಲ. ಕುಂಬಾರಗೇರಿಯ ಆವಿಗೆಯ ಹೊಗೆ ಕಂಡರೆ ನಾವು ಮಕ್ಕಳು ಓಡುತ್ತಿದ್ದೆವು, ಕುಂಟೆಬಿಲ್ಲೆಗೆ ಒಳ್ಳೆಯ ಬೋಕಿ ಆರಿಸಲು. ಮಡಕೆ ಮಾಡಿದವರ ಹೆಸರು ಕೇಳಬೇಕೆಂದು ಒಮ್ಮೆಯೂ ಅನ್ನಿಸಲಿಲ್ಲ. ಮದುವೆಯ ಅರಿವೇಣಿಗೆ ಅವರ ಮಡಕೆ ಬೇಕು, ಸ್ಮಶಾನಕ್ಕೂ ಬೇಕು. ಅವರು ಮಾತ್ರ ನಮ್ಮ ಜಗುಲಿಯ ಕೆಳಗೇ ನಿಂತು ದುಡ್ಡು ಇಸಕೊಂಡು ಹೋಗುತ್ತಿದ್ದರು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹೋಗಲಿ ಬಿಡು ಮಗಳೇ" ಎಂದಳು. ಕುಡಿಕೆ ಮಾಡಿದವರು ಯಾರೆಂದು ಕೇಳಿದೆ. ತುಂಬ ಹೊತ್ತು ಯೋಚಿಸಿ, "ನಿಮ್ಮಜ್ಜಿಗೆ ಗೊತ್ತಿತ್ತು" ಎಂದಳು. ಆವಿಗೆ ಇದ್ದ ಜಾಗದಲ್ಲಿ ಈಗ ಸೈಟು ಮಾಡಿದ್ದಾರಂತೆ.

ಬೋಕಿಗಳನ್ನು ಕಸದಿಂದ ಆರಿಸಿ, ತೊಳೆದು, ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಒಂದರಲ್ಲಿ ಮೊಸರಿನ ಜಿಡ್ಡಿನ ಕಲೆ ಇನ್ನೂ ಇದೆ.