ಹೊಸ ಎಂಟಿಟಿ ಬೇಕೋ, ಒಂದು ಫೀಲ್ಡ್ ಸಾಕೋ: ಡಿಸ್ಪೇಸ್ ಕೆಲಸದ ಟಿಪ್ಪಣಿ

ಕಳೆದ ಟಿಪ್ಪಣಿ ಬರೆಯುವ ಹೊತ್ತಿಗೆ ಸರ್ವರ್ ಎದ್ದು ನಿಂತಿತ್ತು. ಈಗ ಅಸಲಿ ಕೆಲಸ. ಒಂದು ವಿಶ್ವವಿದ್ಯಾಲಯದ ಪಿಎಚ್.ಡಿ. ಪ್ರಬಂಧಗಳು, ಓಲೆಗರಿಗಳು, ಜಾನಪದ ಕ್ಯಾಸೆಟ್‌ಗಳು ಎಲ್ಲವೂ ಒಂದೇ ಡಿಸ್ಪೇಸ್ ಒಳಗೆ, ಅಂದರೆ ಡಿಜಿಟಲ್ ದಾಖಲೆಗಳನ್ನು ಇಟ್ಟು ಹುಡುಕಲು ಬಿಡುವ ಸಾಫ್ಟ್‌ವೇರ್ ಒಳಗೆ, ಬರಬೇಕು. ಸಂಬಳದ ಕೆಲಸವಲ್ಲ, ಬಿಡುವಿನ ಹವ್ಯಾಸ. ಲೈಬ್ರರಿಯ ಮೇಡಂ ಒಬ್ಬರು ಜೊತೆಗಿದ್ದಾರೆ. ಪಟ್ಟಿಗಳೆಲ್ಲ ಅವರವು, ಎಕ್ಸ್‌ಎಂಎಲ್ ಸೆಟ್ಟಿಂಗ್ ಫೈಲುಗಳ ಗೋಳು ನನ್ನದು.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಡಿಸ್ಪೇಸ್ ಅನ್ನು ಎಂಐಟಿ ಮತ್ತು ಎಚ್‌ಪಿ ಸೇರಿ 2002ರಲ್ಲಿ ಹೊರತಂದವು. ನಮ್ಮ ದೇಶದ ಪಿಎಚ್.ಡಿ. ಪ್ರಬಂಧಗಳ ಭಂಡಾರ ಶೋಧಗಂಗಾ ನಿಂತಿರುವುದೂ ಇದರ ಮೇಲೆಯೇ. ಬಹಳ ಕಾಲ ಅದರಲ್ಲಿ ಎಲ್ಲ ದಾಖಲೆಗೂ ಒಂದೇ ರೂಪ: ಐಟಂ. 2021ರ 7ನೇ ಆವೃತ್ತಿಯಲ್ಲಿ ಎಂಟಿಟಿ, ಅಂದರೆ ದಾಖಲೆಯ ಬಗೆ, ಬಂತು. ಪಬ್ಲಿಕೇಶನ್, ಪರ್ಸನ್, ಆರ್ಗ್‌ಯೂನಿಟ್, ಪ್ರಾಜೆಕ್ಟ್, ಜರ್ನಲ್ ಎಂದು ಬೇರೆ ಬೇರೆ ಬಗೆಯ ದಾಖಲೆಗಳು, ಅವುಗಳ ನಡುವೆ ಸಂಬಂಧಗಳು. ಇವು ಸಾಲದಿದ್ದರೆ ನಮ್ಮದೇ ಬಗೆ ಮಾಡಿಕೊಳ್ಳಬಹುದು. ರಿಲೇಶನ್‌ಶಿಪ್-ಟೈಪ್ಸ್ ಎಂಬ ಎಕ್ಸ್‌ಎಂಎಲ್ ಫೈಲಿಗೆ ಕೆಲವು ಸಾಲು ಸೇರಿಸಿ ಒಂದು ಕಮಾಂಡ್ ಕೊಟ್ಟರೆ ಮುಗಿಯಿತು. ಇಷ್ಟು ಸುಲಭವಾಗಿರುವುದೇ ತೊಂದರೆ.

"ಸರ್, ಪ್ರಶ್ನೆಪತ್ರಿಕೆಗೂ ಒಂದು ಬಗೆ ಮಾಡಿಬಿಡಿ, ಮಕ್ಕಳು ಅದನ್ನೇ ಜಾಸ್ತಿ ಕೇಳೋದು" ಅಂದರು ಮೇಡಂ. ಕೇಳುತ್ತಾರೆ, ನಿಜ. ಆದರೆ ಪ್ರಶ್ನೆಪತ್ರಿಕೆಯ ಬಗ್ಗೆ ಹೇಳಲು ಏನಿದೆ? ವಿಷಯ, ಸೆಮಿಸ್ಟರ್, ವರ್ಷ, ಒಂದು ಪಿಡಿಎಫ್. ಬೇರೆ ಯಾವ ದಾಖಲೆಯೂ ಅದನ್ನು ಬೆರಳಿಟ್ಟು ತೋರಿಸುವುದಿಲ್ಲ. ಟೈಪ್ ಫೀಲ್ಡಿನಲ್ಲಿ "ಪ್ರಶ್ನೆಪತ್ರಿಕೆ" ಎಂದು ಹಾಕಿದರೆ ಹುಡುಕುವಾಗ ಆ ಒಂದು ಟಿಕ್‌ನಲ್ಲೇ ಸಿಗುತ್ತದೆ. ಅಷ್ಟೇ ಸಾಕು.

ಸುಮ್ನೆ ಒಂದು ಬಗೆ ಸೇರಿಸಿದರೆ ಏನು ಹೋಯಿತು ಅಂತ ಕೇಳಬಹುದು. ಹೋಗುವುದು ನಮ್ಮ ಭಾನುವಾರಗಳು. ಹೊಸ ಬಗೆ ಎಂದರೆ ಅದಕ್ಕೊಂದು ಸಲ್ಲಿಕೆ ಫಾರಂ, ಹುಡುಕಾಟಕ್ಕೆ ಡಿಸ್ಕವರಿ ಫೈಲಿನಲ್ಲಿ ಹೊಸ ಸೆಟ್ಟಿಂಗ್, ಪುಟಗಳನ್ನು ಕಟ್ಟುವ ಆಂಗ್ಯುಲರ್‌ನಲ್ಲಿ ಅದರದೇ ಪುಟ, ಪುಟದ ಮೇಲೆ ಕಾಣುವ ಪದಗಳಿಗೆ ಅನುವಾದ. ಪುಟ ಬರೆಯದಿದ್ದರೆ ಮಾಮೂಲಿ ಐಟಂ ಪುಟವೇ ತೆರೆಯುತ್ತದೆ. ಆಗ ಬಗೆ ಮಾಡಿದ್ದು ಯಾರಿಗೂ ಕಾಣುವುದೇ ಇಲ್ಲ. ಆವೃತ್ತಿ ಬದಲಾದಾಗಲೆಲ್ಲ ಇಷ್ಟನ್ನೂ ಮತ್ತೆ ನೋಡಿಕೊಳ್ಳಬೇಕು.

ಇದೇ ಲೆಕ್ಕದಲ್ಲಿ ಪ್ರಬಂಧಕ್ಕೂ ಪ್ರತ್ಯೇಕ ಬಗೆ ಮಾಡಲಿಲ್ಲ. ಮಾರ್ಗದರ್ಶಕರು, ಪದವಿ, ವಿಭಾಗ ಎಂದು ಅದಕ್ಕೆ ಬೇರೆಯದೇ ಫಾರಂ ಬೇಕು, ಒಪ್ಪುತ್ತೇನೆ. ಆದರೆ ಡಿಸ್ಪೇಸ್‌ನಲ್ಲಿ ಕಲೆಕ್ಷನ್‌ಗೆ (ದಾಖಲೆಗಳ ಗುಂಪಿಗೆ) ಒಂದರಂತೆ ಫಾರಂ ಕೊಡಬಹುದು. ಟೈಪ್ ನೋಡಿ ಕೆಲವು ಫೀಲ್ಡ್ ತೋರಿಸು, ಕೆಲವನ್ನು ಮುಚ್ಚು ಎಂದೂ ಹೇಳಬಹುದು. ಫಾರಂ ಬೇರೆ ಎಂಬ ಒಂದೇ ಕಾರಣಕ್ಕೆ ಹೊಸ ಬಗೆ ಬೇಡ. ಪದವಿಯ ವಿವರಕ್ಕೆ ಪ್ರಬಂಧಗಳಿಗೆಂದೇ ಇರುವ ಇಟಿಡಿ-ಎಂಎಸ್ ಮಾನಕದ ಫೀಲ್ಡ್‌ಗಳನ್ನು ಸೇರಿಸಿಕೊಂಡೆ. ಪ್ರಬಂಧಗಳು ಪಬ್ಲಿಕೇಶನ್ ಆಗಿಯೇ ಉಳಿದವು.

ಮಾರ್ಗದರ್ಶಕರ ವಿಷಯ ಇಷ್ಟು ಬೇಗ ಮುಗಿಯಲಿಲ್ಲ. ಮೊದಲ ಯೋಚನೆ 'ಗೈಡ್' ಎಂಬ ಬಗೆಯೇ ಆಗಿತ್ತು. ಪಟ್ಟಿಯನ್ನು ಸರಿಯಾಗಿ ನೋಡಿದರೆ, ಇವತ್ತಿನ ಗೈಡ್ ಅಂದಿನ ಸಂಶೋಧನಾ ವಿದ್ಯಾರ್ಥಿ. ಒಂದು ಪ್ರಬಂಧದಲ್ಲಿ ಲೇಖಕರು, ಇನ್ನೊಂದರಲ್ಲಿ ಮಾರ್ಗದರ್ಶಕರು, ಮೂರನೆಯ ಕಡೆ ಕ್ಯಾಸೆಟ್ ಮೇಲೆ 'ಸಂಗ್ರಹಕಾರರು'. ಮನುಷ್ಯ ಒಬ್ಬರೇ, ಪಾತ್ರಗಳು ಮೂರು. ಹಾಗಾಗಿ ಹೊಸ ಬಗೆ ಬೇಡ, ಇರುವ ಪರ್ಸನ್ ಸಾಕು. ಬೇಕಾಗಿದ್ದು ಹೊಸ ಸಂಬಂಧ. ಪಬ್ಲಿಕೇಶನ್‌ನಿಂದ ಪರ್ಸನ್‌ಗೆ 'ಮಾರ್ಗದರ್ಶನ' ಎಂಬ ಎಳೆಯೊಂದನ್ನು ಸೇರಿಸಿದೆ. ಈಗ ಒಬ್ಬರ ಪುಟ ತೆರೆದರೆ ಅವರು ಬರೆದದ್ದೂ ಬರೆಸಿದ್ದೂ ಎರಡು ಪಟ್ಟಿಯಾಗಿ ಕಾಣುತ್ತವೆ.

ತಲೆನೋವು ಹೆಸರಿನದು. ಡಿಸ್ಪೇಸ್ ಪರ್ಸನ್‌ಗೆ ಕುಟುಂಬದ ಹೆಸರು, ಸ್ವಂತ ಹೆಸರು ಎಂದು ಎರಡು ಫೀಲ್ಡ್ ಇಟ್ಟಿದೆ. ಎರಡನ್ನೂ ಅಲ್ಪವಿರಾಮ ಹಾಕಿ ಜೋಡಿಸಿ ಲೇಖಕರ ಹೆಸರು ಮಾಡುತ್ತದೆ. ಉತ್ತರ ಕರ್ನಾಟಕದ ಅಡ್ಡಹೆಸರುಗಳಿಗೆ ಇದು ಸರಿಹೋದೀತು. ಹಳೇ ಮೈಸೂರಿನ ಕಡೆ ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಹೆಸರು. ಇದರಲ್ಲಿ ಕುಟುಂಬದ ಹೆಸರು ಯಾವುದು? ಎರಡೂ ಫೀಲ್ಡ್ ಖಾಲಿ ಬಿಟ್ಟು, ಪೂರ್ತಿ ಹೆಸರನ್ನು ಶೀರ್ಷಿಕೆಯಲ್ಲಿ ಇಟ್ಟೆ. ಸಂಬಂಧದ ಆಚೆ ತುದಿಯ ದಾಖಲೆಯಿಂದ ವಿವರ ತಂದು ತೋರಿಸುವ 'ವರ್ಚುವಲ್ ಮೆಟಾಡೇಟಾ' ಸೆಟ್ಟಿಂಗ್ ತಿದ್ದಿ, ಲೇಖಕರ ಹೆಸರನ್ನು ಅಲ್ಲಿಂದಲೇ ತೆಗೆದುಕೊಳ್ಳುವಂತೆ ಮಾಡಿದೆ. ಮುಖಪುಟದಲ್ಲಿ ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೆ, ಆ ರೂಪವನ್ನು ಆ ಪ್ರಬಂಧದ ಎಳೆಯ ಮೇಲೆಯೇ ಉಳಿಸಿಕೊಳ್ಳುವ ಸೌಲಭ್ಯವೂ ಇದೆ. ಇದು ನನಗೆ ತುಂಬ ಇಷ್ಟವಾಯಿತು.

ಹಾಗಂತ ಪಟ್ಟಿಯಲ್ಲಿರುವ ಎಲ್ಲರಿಗೂ ಪರ್ಸನ್ ದಾಖಲೆ ಮಾಡುತ್ತಿಲ್ಲ. ಒಂದೇ ಪ್ರಬಂಧ ಬರೆದು ಹೋದವರ ಹೆಸರು ಬರೀ ಅಕ್ಷರವಾಗಿ ಇರಲಿ. ಒಂದೇ ದಾಖಲೆಯಲ್ಲಿ ಎರಡೂ ಬಗೆಯ ಹೆಸರು ಇರಲು ಡಿಸ್ಪೇಸ್ ಬಿಡುತ್ತದೆ. ಎರಡನೇ ಸಲ ಹೆಸರು ಬಂದಾಗ ಮಾತ್ರ ಪರ್ಸನ್. ಇನ್ನೊಂದು ಎಚ್ಚರ: ಪರ್ಸನ್ ಅಳಿಸಿದರೆ ಎಳೆಯ ಜೊತೆ ಪ್ರಬಂಧದಲ್ಲಿದ್ದ ಲೇಖಕರ ಹೆಸರೂ ಹೋಗುತ್ತದೆ. ಹೋಗಬಾರದು ಎಂದರೆ ಆ ಸಂಬಂಧಕ್ಕೆ 'ಕಾಪಿ-ಟು-ಲೆಫ್ಟ್' ಅಥವಾ 'ಕಾಪಿ-ಟು-ರೈಟ್' ಹಾಕಿಡಬಹುದು, ಆಗ ಹೆಸರಿನ ನಕಲು ಪ್ರಬಂಧದಲ್ಲೇ ಉಳಿಯುತ್ತದೆ. ನಾನು ಎಲ್ಲಕ್ಕೂ ಹಾಕಿದ್ದೇನೆ.

ವಿಭಾಗಗಳಿಗೆ ಆರ್ಗ್‌ಯೂನಿಟ್ ಮೊದಲೇ ಇದೆ, ಬಳಸಿಕೊಂಡೆ. ಬಳಸಲು ಗಟ್ಟಿ ಕಾರಣವೂ ಇತ್ತು. ನಮ್ಮಲ್ಲಿ ವಿಶ್ವವಿದ್ಯಾಲಯಗಳು ಒಡೆಯುತ್ತಾ ಬಂದಿವೆ. ಮಂಗಳಗಂಗೋತ್ರಿ 1980ರವರೆಗೆ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ, ಆಮೇಲೆ ಮಂಗಳೂರು ವಿಶ್ವವಿದ್ಯಾಲಯ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂದದ್ದು 1987ರಲ್ಲಿ, ಅದರಿಂದ ದಾವಣಗೆರೆ ಬೇರೆಯಾದದ್ದು 2009ರಲ್ಲಿ. ಅದೇ ಕಟ್ಟಡ, ಅದೇ ಮೇಷ್ಟ್ರು, ಆದರೆ ಪದವಿ ಕೊಟ್ಟವರು ಬೇರೆ. ಇದನ್ನು ಪ್ರತಿ ಪ್ರಬಂಧದಲ್ಲೂ ಬರೆಯುತ್ತಾ ಕೂರುವುದಕ್ಕಿಂತ, ವಿಭಾಗದ ಪುಟದಲ್ಲಿ ಹಿಂದಿನ ಸಂಸ್ಥೆ, ಮುಂದಿನ ಸಂಸ್ಥೆ ಎಂದು ಎಳೆ ಹಾಕಿದರೆ ಒಂದೇ ಕಡೆ ತಿದ್ದಬಹುದು, ಅಲ್ವಾ? ಒಂದು ವಿಭಾಗಕ್ಕೆ ರಾಶಿ ಪ್ರಬಂಧಗಳು ಅಂಟಿಕೊಳ್ಳುವುದರಿಂದ ಆ ಸಂಬಂಧವನ್ನು 'ಟಿಲ್ಟೆಡ್' ಎಂದು ಗುರುತು ಮಾಡಿದ್ದೇನೆ. ಇಲ್ಲವಾದರೆ ವಿಭಾಗದ ದಾಖಲೆ ತೆರೆಯುವಾಗ ಅಷ್ಟೂ ಎಳೆಗಳನ್ನು ಎಳೆದು ತರುತ್ತಾ ನಿಧಾನವಾಗುತ್ತದೆ.

ಇಷ್ಟೆಲ್ಲ ಜಿಪುಣತನ ಮಾಡಿದವನು ಕೈಬಿಚ್ಚಿದ್ದು ಓಲೆಗರಿಗಳ ಹತ್ತಿರ. ಅಲ್ಲಿ ನನ್ನದೇ ಎರಡು ಬಗೆ ಮಾಡಿದೆ: ಕಟ್ಟು (ಗರಿಗಳ ಕಂತೆ) ಮತ್ತು ಪ್ರತಿ (ಅದರೊಳಗಿನ ಒಂದೊಂದು ಬರಹ).

ಕಾರಣ ಇದು. ಲೈಬ್ರರಿಯ ನಂಬರ್ ಇರುವುದು ಕಟ್ಟಿಗೆ. ಒಂದೇ ಕಟ್ಟಿನೊಳಗೆ ಒಂದು ಯಕ್ಷಗಾನ ಪ್ರಸಂಗ, ಅರ್ಧ ವೈದ್ಯಗ್ರಂಥ, ಕೊನೆಗೆ ಯಾರೋ ಬರೆದಿಟ್ಟ ಹಾಡುಗಳು ಇರಬಹುದು. ಮೊದಲನೆಯದನ್ನು ಬರೆದ ಲಿಪಿಕಾರ ಒಬ್ಬ, ಎರಡನೆಯದಕ್ಕೆ ಇನ್ನೊಬ್ಬ. ಒಂದು ಕನ್ನಡ ಲಿಪಿ, ಇನ್ನೊಂದು ತಿಗಳಾರಿ. ಗರಿಗಳ ಸಂಖ್ಯೆಯೂ ಬೇರೆ ಬೇರೆ. ಇದನ್ನೆಲ್ಲ ಒಂದೇ ಐಟಂನಲ್ಲಿ ತುಂಬಿ ನೋಡಿ: ಮೂರು ಶೀರ್ಷಿಕೆ, ಎರಡು ಲಿಪಿಕಾರರು, ಎರಡು ಲಿಪಿ. ಯಾವ ಲಿಪಿ ಯಾವ ಶೀರ್ಷಿಕೆಯದು? ಡಿಸ್ಪೇಸ್‌ನಲ್ಲಿ ಒಂದು ಫೀಲ್ಡಿಗೆ ಎಷ್ಟು ಬೆಲೆ (ವ್ಯಾಲ್ಯೂ) ಬೇಕಾದರೂ ಹಾಕಬಹುದು, ಆದರೆ ಒಂದು ಫೀಲ್ಡಿನ ಎರಡನೇ ಬೆಲೆಯನ್ನು ಇನ್ನೊಂದು ಫೀಲ್ಡಿನ ಎರಡನೇ ಬೆಲೆಗೆ ಕಟ್ಟಿಹಾಕುವ ದಾರಿ ಇಲ್ಲ. ಮೂರು ಮನೆಯವರ ಬಟ್ಟೆಯನ್ನು ಒಂದೇ ಗಂಟಿನಲ್ಲಿ ಅಗಸರಿಗೆ ಹಾಕಿದ ಹಾಗೆ.

ಹಾಗೆಂದು ಮೂರು ಪ್ರತ್ಯೇಕ ಐಟಂ ಮಾಡಿದರೆ ಕಟ್ಟು ಕಳೆದುಹೋಗುತ್ತದೆ. ಹುಳ ಹಿಡಿದದ್ದು, ಮರದ ಹಲಗೆ ಮುರಿದದ್ದು, ಯಾವ ಮನೆತನದಿಂದ ಬಂತು ಎಂಬುದು, ಎಣ್ಣೆ ಹಚ್ಚಿ ಶುಚಿ ಮಾಡಿದ ತಾರೀಖು, ಇವೆಲ್ಲ ಕಟ್ಟಿನ ಸಂಗತಿಗಳು. ಮೂರು ಕಡೆ ಬರೆದರೆ ಎರಡು ಕಡೆ ತಿದ್ದುವುದು ಮರೆತೇ ಹೋಗುತ್ತದೆ.

ಎರಡು ಬಗೆ ಮಾಡಿ ಒಂದು ಎಳೆ ಹಾಕಿದರೆ ಎರಡೂ ಉಳಿಯುತ್ತವೆ. ಎಳೆಗೆ ಕ್ರಮಸಂಖ್ಯೆ ಇರುವುದರಿಂದ ಕಟ್ಟಿನೊಳಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದೂ ದಾಖಲಾಗುತ್ತದೆ. ಒಂದು ಪ್ರತಿ ಒಂದೇ ಕಟ್ಟಿನಲ್ಲಿ ಇರಬೇಕು ಎಂಬ ಮಿತಿಯನ್ನೂ ಹಾಕಿದ್ದೇನೆ.

"ಹಾಗಾದರೆ ಕೃತಿಗೂ ಒಂದು ಬಗೆ ಬೇಡವಾ ಸರ್? ಒಂದೇ ಕೃತಿಯ ಪ್ರತಿಗಳು ಬೇರೆ ಬೇರೆ ಕಟ್ಟಿನಲ್ಲಿ ಇವೆಯಲ್ಲ" ಅಂದರು ಮೇಡಂ. ಸರಿಯಾದ ಪ್ರಶ್ನೆ. ತತ್ತ್ವದಲ್ಲಿ ಬೇಕು. ಆದರೆ ಈ ಪ್ರಸಂಗವೂ ಆ ಪ್ರಸಂಗವೂ ಒಂದೇ ಎಂದು ತೀರ್ಮಾನ ಹೇಳಬಲ್ಲವರು ಹಸ್ತಪ್ರತಿ ಬಲ್ಲ ವಿದ್ವಾಂಸರು. ನಾನಂತೂ ಅಲ್ಲ. ಅಂಥವರು ಒಬ್ಬರು ಕೂತು ನೋಡುವವರೆಗೆ ಕೃತಿಯ ಹೆಸರು ಒಂದು ಫೀಲ್ಡ್ ಆಗಿಯೇ ಇರುತ್ತದೆ. ನೋಡಿಕೊಳ್ಳುವ ಜನ ಇಲ್ಲದ ಬಗೆಯನ್ನು ಹುಟ್ಟಿಸಲು ನನಗೆ ಮನಸ್ಸಿಲ್ಲ.

ಕ್ಯಾಸೆಟ್‌ಗಳ ಊರಿನ ವಿಷಯ ಇನ್ನೂ ತೂಗಾಡುತ್ತಿದೆ. ಹೊಸಪೇಟೆ ಕಡೆ ಮಾಡಿದ ಹಳೆಯ ಧ್ವನಿಮುದ್ರಣದ ಮೇಲೆ 'ಬಳ್ಳಾರಿ ಜಿಲ್ಲೆ' ಎಂದಿದೆ. 2021ರಿಂದ ಅದು ವಿಜಯನಗರ. ಚಿಕ್ಕಬಳ್ಳಾಪುರ 2007ರವರೆಗೆ ಕೋಲಾರ ಜಿಲ್ಲೆಯಲ್ಲಿತ್ತು. ಊರನ್ನೇ ಒಂದು ಬಗೆ ಮಾಡಿದರೆ ಜಿಲ್ಲೆ ಬದಲಾದಾಗ ಒಂದೇ ಕಡೆ ತಿದ್ದಬಹುದು ಎಂಬ ಆಸೆ ಇದೆ. ಆದರೆ ಹಾಡಿದವರ ಊರು, ಧ್ವನಿಮುದ್ರಣ ಮಾಡಿದ ಊರು ಎರಡೂ ಬೇರೆಯಾಗಿರುವ ಕ್ಯಾಸೆಟ್‌ಗಳು ಎಷ್ಟಿವೆ ಎಂದು ಮೇಡಂ ಲೇಬಲ್ ನೋಡಿ ಹೇಳಬೇಕು. ಜಾಸ್ತಿ ಇದ್ದರೆ ಬಗೆ ಮಾಡುತ್ತೇನೆ. ಅಲ್ಲಿಯವರೆಗೆ ಲೇಬಲ್ಲಿನಲ್ಲಿರುವ ಊರು, ಜಿಲ್ಲೆ ಹಾಗೆಯೇ ಒಂದು ಫೀಲ್ಡ್, ಈಗಿನ ಜಿಲ್ಲೆ ಇನ್ನೊಂದು ಫೀಲ್ಡ್.

ಮುಂದಿನ ಕೆಲಸ ಕಟ್ಟಿನ ಪುಟ. ಮೇಲೆ ಕಟ್ಟಿನ ವಿವರ, ಕೆಳಗೆ ಕ್ರಮವಾಗಿ ಪ್ರತಿಗಳು, ಪಕ್ಕದಲ್ಲಿ ಗರಿಗಳ ಚಿತ್ರ. ಆಂಗ್ಯುಲರ್ ಬಲ್ಲವರು ಯಾರಾದರೂ ಇದ್ದರೆ ಕೈಜೋಡಿಸಿ. ಕಾಫಿ ನನ್ನ ಲೆಕ್ಕದಲ್ಲಿ.